ಅರ್ಬುತನ ಧರ್ಮಸಂಕಟ

ಮಹಿಷನೊಡನೆ ಕಾದಿ ಗೆದ್ದ ದೇವಿಯನ್ನು ನೆನೆಯುವ ಈ ನವರಾತ್ರಿಯಲ್ಲಿ, ಖಡ್ಗವಿಲ್ಲದೆ ಹುಲಿಯನ್ನು ಗೆದ್ದ ಇನ್ನೊಬ್ಬ ತಾಯಿಯನ್ನೂ ನೆನೆಯುವುದು ಉಚಿತ. ಆಕೆ ಗೋವಿನ ಹಾಡಿನ ಪುಣ್ಯಕೋಟಿ.

ಕಥೆ ಸರ್ವವಿದಿತ, ಅದರ ನಾಟಕೀಯ ರಚನೆಯನ್ನು ಗಮನಿಸುವವರು ವಿರಳ. ಹಸಿದ ಹುಲಿ ಅರ್ಬುತ ಅಡ್ಡಗಟ್ಟಿದಾಗ ಪುಣ್ಯಕೋಟಿಗೆ ಭಯವುಂಟೇ ಹೊರತು ಧರ್ಮಸಂಕಟವಿಲ್ಲ. ಕರುವಿಗೆ ಹಾಲೂಡಿಸಿ ಮರಳುವೆನೆಂದು ಮಾತು ಕೊಟ್ಟ ಕ್ಷಣದಲ್ಲಿ ಸಂಕಟ ಹುಟ್ಟುತ್ತದೆ. ದೊಡ್ಡಿಯಲ್ಲಿ ಅದು ಪರಾಕಾಷ್ಠೆಗೇರುತ್ತದೆ. ಅಲ್ಲಿ ಹುಲಿಯಿಲ್ಲ, ಕಾವಲಿಲ್ಲ. ಸಾಯಲೇಕೆ ಹೋಗಬೇಕೆಂದು ಕೇಳುವುದು ಸ್ವಂತ ಕರು. ಒಂದೆಡೆ ತಾಯ್ತನ, ಇನ್ನೊಂದೆಡೆ ಸತ್ಯ, ಎರಡೂ ಧರ್ಮವೇ. ಧರ್ಮಾಧರ್ಮಗಳ ನಡುವೆ ಆಯ್ಕೆ ಸುಲಭ. ಧರ್ಮದೆದುರು ಧರ್ಮವೇ ನಿಂತಾಗ ನಿಜವಾದ ನಾಟಕ. ಆಕೆ ಕರುವನ್ನು ಬಳಗದ ಹಸುಗಳ ಮಡಿಲಿಗೊಪ್ಪಿಸಿ ಹೊರಡುತ್ತಾಳೆ.

ಹಾಡು ಅಲ್ಲಿಗೆ ಮುಗಿಯದು. ಗವಿಯ ಬಾಗಿಲಲ್ಲಿ ಸಂಕಟ ಹುಲಿಯದಾಗುತ್ತದೆ. ಪದ್ಮಪುರಾಣದ ಇಂಥದೇ ಕಥೆಯಲ್ಲಿ ಹುಲಿ ಶಾಪಗ್ರಸ್ತನಾದ ಪ್ರಭಂಜನ ರಾಜ. ನಂದಾ ಎಂಬ ಹಸುವಿನಿಂದ ಅವನಿಗೆ ಶಾಪವಿಮೋಚನೆ. ಘಾಟಕೋಪರ, ಮುಲುಂದಗಳಲ್ಲಿ ನಮ್ಮ ಗುಜರಾತಿ ನೆರೆಯವರು ಶ್ರಾವಣದಲ್ಲಿ ಆಚರಿಸುವ ಬೋಳ್ ಚೋಥ್ ವ್ರತದ ಬಹುಲಾ ಕಥೆಯಲ್ಲಿ ಸಿಂಹವೇ ಶ್ರೀಕೃಷ್ಣ. ಕನ್ನಡದ ಅರ್ಬುತನಾದರೋ ದೇವನಲ್ಲ, ರಾಜನಲ್ಲ, ಬರಿಯ ಹುಲಿ. ತಿನ್ನುವುದು ಅವನ ಸ್ವಭಾವ. ಮಾತಿನಂತೆ ಬಂದವಳು ಅವನ ಹಕ್ಕಿನ ಆಹಾರ. ಆದರೂ ಆಕೆಯನ್ನು ಒಡಹುಟ್ಟಿದವಳೆಂದು ಕಂಡ ಮೇಲೆ ತಿನ್ನಲಾರ, ತಿನ್ನದೆ ಬದುಕಲಾರ. ಪ್ರಾಣ ಬಿಡುತ್ತಾನೆ. ಅವನನ್ನು ಪಾರುಮಾಡಲು ಯಾವ ಪವಾಡವೂ ಬರುವುದಿಲ್ಲ. ಆದ್ದರಿಂದಲೇ ಪುಣ್ಯಕೋಟಿ ಗೆದ್ದಳೆಂದು ಹಿಗ್ಗುವಾಗಲೂ ನಮ್ಮ ಗಂಟಲು ಕಟ್ಟುತ್ತದೆ.

ಮಕ್ಕಳಿಗೆ ಈ ಹಾಡನ್ನು ಕಲಿಸುವಾಗ ನಾವೆಲ್ಲರೂ ಪುಣ್ಯಕೋಟಿಯ ಪಕ್ಷ. ಆದರೆ ಈ ಮಹಾನಗರದಲ್ಲಿ ಹೋಟೆಲಿನ ಹುಡುಗ ಊರಲ್ಲಿರುವ ತಾಯಿಯನ್ನು ಕಂಡುಬರಲು ರಜೆ ಬೇಡಿದಾಗ, ಮನೆಗೆಲಸದಾಕೆ "ಮಗುವಿಗೆ ಜ್ವರ, ನೋಡಿ ಬರುತ್ತೇನೆ" ಎಂದು ಬಾಗಿಲಲ್ಲಿ ನಿಂತಾಗ, ನಮ್ಮದು ಅರ್ಬುತನ ಸ್ಥಾನ. ಹೋದವಳು ಬರುವಳೇ ಎಂಬ ಶಂಕೆ ಅವನಿಗೂ ಇತ್ತು, ಆದರೂ ಬಿಟ್ಟುಕೊಟ್ಟ. ಒಮ್ಮೆ ನಾನು ಹಾಗೆ ಬೇಡಿದವಳನ್ನು ನಂಬದೆ, ಪಾತ್ರೆ ಮುಗಿಸಿ ಹೋಗೆಂದೆ. ಆಕೆ ಮುಗಿಸಿಯೇ ಹೋದಳು. ಮರುದಿನ ಹೊತ್ತಿಗೆ ಸರಿಯಾಗಿ ಬಂದಳು. ಮಗುವಿಗೆ ಹೇಗಿದೆಯೆಂದು ಕೇಳಲು ನನಗೆ ಬಾಯಿ ಬರಲಿಲ್ಲ. ನನಗಿಂತ ಆ ಹುಲಿ ಮೇಲೆಂದು ಅಂದು ತಿಳಿಯಿತು.

ಮಾತು ಕೊಟ್ಟವರಿಗೆ ಅದನ್ನು ಉಳಿಸಿಕೊಳ್ಳುವ ಬಲವನ್ನು ಬೇಡುವಂತೆ, ಮಾತು ಪಡೆದವರಿಗೆ ನಂಬುವ ಮನಸ್ಸನ್ನೂ ಈ ದಸರೆಯಲ್ಲಿ ಜಗನ್ಮಾತೆಯಲ್ಲಿ ಬೇಡೋಣ.