ಒಂದೆಲಗದ ಎಲೆ ಮತ್ತು ಅಹಿಂಸೆಯ ಪ್ರಶ್ನೆ

ಒಂದೆಲಗ ಯಾರೂ ಬಿತ್ತದೆ ಬೆಳೆಯುವ ಸೊಪ್ಪು. ಬಾವಿಕಟ್ಟೆಯ ಸುತ್ತ, ಅಡಿಕೆ ತೋಟದ ಕಾಲುವೆ ಬದಿಯಲ್ಲಿ, ಗದ್ದೆಯ ಬದುವಿನಲ್ಲಿ ತಾನಾಗಿ ಹಬ್ಬುತ್ತದೆ. ತುಳುನಾಡಿನಲ್ಲಿ ಇದು ತಿಮರೆ. ಗೆಣ್ಣುಗೆಣ್ಣಿಗೂ ಬೇರು ಬಿಡುವ ಈ ಬಳ್ಳಿಯ ಒಂದು ತುಂಡನ್ನು ಅಗಲ ಬಾಯಿಯ ಕುಂಡದಲ್ಲಿ ಊರಿ, ಅರೆನೆರಳಿನಲ್ಲಿಟ್ಟು, ಮಣ್ಣಿನ ತೇವ ಆರದಂತೆ ನೋಡಿಕೊಂಡರೆ ಕುಂಡವೆಲ್ಲ ತುಂಬುತ್ತದೆ. ತಂಬುಳಿಗೋ ಚಟ್ನಿಗೋ ಬೇಕೆಂದಾಗ ಕೈಗೆ ಸಿಗುತ್ತದೆ. ಹೀಗೆ ತಿನ್ನುವುದಕ್ಕೆಂದೇ ಒಂದು ಜೀವವನ್ನು ಮನೆಗೆ ತಂದು, ನೀರೆರೆದು ಸಾಕಿ, ಅದರ ಎಲೆ ಕೀಳುವುದು ಹಿಂಸೆಯೇ?

ಭಾರತದ ಧರ್ಮಚಿಂತನೆ ಈ ಪ್ರಶ್ನೆಯನ್ನು ಹಗುರವಾಗಿ ಕಂಡಿಲ್ಲ. ಮಹಾಭಾರತದ ಶಾಂತಿಪರ್ವದಲ್ಲಿ ಭೃಗು ಮಹರ್ಷಿ, ಮರಗಿಡಗಳಿಗೂ ಸುಖದುಃಖದ ಅರಿವುಂಟು ಎಂದು ಭರದ್ವಾಜನಿಗೆ ವಿವರಿಸುತ್ತಾನೆ. ವನಪರ್ವದ ಧರ್ಮವ್ಯಾಧನಂತೂ ಉಳುಮೆಯಲ್ಲಿಯೂ ಧಾನ್ಯದಲ್ಲಿಯೂ ಜೀವಹಾನಿಯನ್ನು ಕಂಡು, ಹಿಂಸೆಯಿಲ್ಲದ ಬದುಕೇ ಇಲ್ಲವೆನ್ನುತ್ತಾನೆ. ಬೌದ್ಧ ಭಿಕ್ಷುಗಳಿಗೆ ಗಿಡ ಕಡಿಯುವುದೇ ನಿಷಿದ್ಧ. ಆದರೆ ಈ ವಿಚಾರವನ್ನು ಅಡುಗೆಮನೆಯ ಬಾಗಿಲವರೆಗೆ ತಂದು, ಒಂದೊಂದು ಸೊಪ್ಪನ್ನೂ ಬಿಡಿಸಿ ನೋಡಿದ್ದು ಜೈನ ದರ್ಶನ.

ಜೈನರ ಪ್ರಕಾರ ಸಸ್ಯ ಏಕೇಂದ್ರಿಯ ಜೀವಿ. ಸ್ಪರ್ಶವೊಂದೇ ಅದರ ಇಂದ್ರಿಯ. ಸಸ್ಯಗಳಲ್ಲಿಯೂ ಎರಡು ಬಗೆ: ಒಂದು ದೇಹಕ್ಕೆ ಒಂದೇ ಜೀವವಿರುವ ಪ್ರತ್ಯೇಕ, ಒಂದೇ ದೇಹದಲ್ಲಿ ಅನಂತ ಜೀವಗಳಿರುವ ಸಾಧಾರಣ. ಶ್ರವಣಬೆಳಗೊಳದ ಗೊಮ್ಮಟಮೂರ್ತಿಯನ್ನು ಮಾಡಿಸಿದ ಚಾವುಂಡರಾಯನ ಗುರು, 10ನೇ ಶತಮಾನದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಯ ‘ಗೊಮ್ಮಟಸಾರ’ ಇವನ್ನು ಗುರುತಿಸುವ ಲಕ್ಷಣಗಳನ್ನು ಕೊಡುತ್ತದೆ. ನರ, ಗೆಣ್ಣುಗಳು ಎದ್ದು ಕಾಣದಿರುವುದು, ಮುರಿದರೆ ನಾರಿಲ್ಲದೆ ಸಮನಾಗಿ ತುಂಡಾಗುವುದು, ಕಡಿದರೂ ಮತ್ತೆ ಚಿಗುರುವುದು ಸಾಧಾರಣದ ಗುರುತುಗಳು.

ಈ ಲಕ್ಷಣಗಳನ್ನು ಹಿಡಿದು ನೋಡಿದರೆ ಒಂದೆಲಗ ಎರಡು ಕಡೆಗೂ ಸಲ್ಲುತ್ತದೆ. ಬಲಿತ ಎಲೆಯ ನರಗಳು ಸ್ಪಷ್ಟ, ತೊಟ್ಟಿನಲ್ಲಿ ನಾರುಂಟು. ಬಳ್ಳಿಯಾದರೋ ತುಂಡರಿಸಿದಷ್ಟೂ ಚಿಗುರುತ್ತದೆ. ಹಾಗಾಗಿ ಬೇರುಸಮೇತ ಕಿತ್ತು ಅರೆಯುವ ರೂಢಿಗಿಂತ, ಗೆಣ್ಣನ್ನೂ ನಡುವಿನ ಎಳೆ ಚಿಗುರನ್ನೂ ಉಳಿಸಿ ಹೊರಗಿನ ಎಲೆಯನ್ನು ತೊಟ್ಟಿನೊಡನೆ ಚಿವುಟುವುದು ಕಡಿಮೆ ಹಿಂಸೆಯ ದಾರಿ. ಗಿಡ ಬಹುಕಾಲ ಬಾಳುವುದೂ ಹೀಗೆ ಚಿವುಟಿದಾಗಲೇ.

ಗೃಹಸ್ಥನು ಏಕೇಂದ್ರಿಯ ಹಿಂಸೆಯನ್ನು ಪೂರ್ತಿ ಬಿಡಬೇಕೆಂದು ಜೈನ ಶಾಸ್ತ್ರ ಹೇಳುವುದಿಲ್ಲ, ವ್ಯರ್ಥವಾದುದನ್ನು ಬಿಡಬೇಕೆನ್ನುತ್ತದೆ. ಸಮಂತಭದ್ರರ ‘ರತ್ನಕರಂಡ ಶ್ರಾವಕಾಚಾರ’ವು ಕಾರಣವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಗಿಡ ಕತ್ತರಿಸುವುದು ಇವನ್ನೆಲ್ಲ ಪ್ರಮಾದವೆಂದು ಎಣಿಸುತ್ತದೆ. ಮಣ್ಣು, ನೀರುಗಳೂ ಜೀವವುಳ್ಳವು ಎಂಬ ನಂಬಿಕೆ ಇದರ ಹಿಂದಿದೆ. ಕುಂಡದ ಗಿಡಕ್ಕೆ ಈ ಮಾತು ನೇರವಾಗಿ ಅನ್ವಯಿಸುತ್ತದೆ. ಬೇಕಾದಷ್ಟೇ ನೀರು ಹನಿಸಿದರೆ ಬುಡ ಕೊಳೆಯದು. ಬಳ್ಳಿ ಒತ್ತೊತ್ತಾದಾಗ ಎಸೆಯುವ ಬದಲು ಬೇರೆ ಕುಂಡಕ್ಕೆ ಬಿಡಿಸಿ ನೆಡಬಹುದು.

ನಿಜವಾದ ಎಚ್ಚರ ಬೇಕಾದದ್ದು ಎಲೆ ಕೀಳುವುದಕ್ಕಿಂತ ಹೆಚ್ಚಾಗಿ ಆರೈಕೆಯಲ್ಲಿ. ತೇವದ ಮಣ್ಣಿಗೆ ಎರೆಹುಳು, ಬಸವನಹುಳು, ಇರುವೆ ಬರುತ್ತವೆ. ಎರೆಹುಳು ದ್ವೀಂದ್ರಿಯ, ಇರುವೆ ತ್ರೀಂದ್ರಿಯ. ಇಂದ್ರಿಯ ಹೆಚ್ಚಿದಷ್ಟೂ ಹಿಂಸೆಯ ಭಾರ ಹೆಚ್ಚು. ಎಲೆ ತಿನ್ನುವ ಬಸವನಹುಳುವಿಗೆ ಉಪ್ಪು ಸುರಿಯುವುದಾಗಲಿ, ವಿಷ ಸಿಂಪಡಿಸುವುದಾಗಲಿ ಒಂದು ಹಿಡಿ ಸೊಪ್ಪಿಗೆ ತೆರುವ ತೀರ ದೊಡ್ಡ ಬೆಲೆ. ಕೈಯಿಂದ ಆರಿಸಿ ದೂರದ ಹಸಿರಿನಲ್ಲಿ ಬಿಟ್ಟುಬರುವುದು ಸರಿಯಾದ ಕ್ರಮ.

ಮಳೆಗಾಲದಲ್ಲಿ ಒಂದೆಲಗ ಹುಲುಸಾಗಿ ಬೆಳೆಯುತ್ತದೆ. ಸೊಪ್ಪಿನಲ್ಲಿ ಕಣ್ಣಿಗೆ ಬೀಳದ ಹುಳುಗಳಿರುತ್ತವೆಂದು ಬಹಳಷ್ಟು ಜೈನ ಮನೆಗಳು ಹಸಿರೆಲೆಯನ್ನು ತ್ಯಜಿಸುವ ಚಾತುರ್ಮಾಸವೂ ಅದೇ. ಆ ವ್ರತವಿಲ್ಲದವರೂ ಆಗ ಎಲೆಯ ಅಡಿಭಾಗವನ್ನು ನೋಡಿ, ಹುಳುಗಳನ್ನು ಬಿಡಿಸಿ, ಅಂದಿನ ಅಡುಗೆಗೆ ಬೇಕಾದಷ್ಟನ್ನು ಮಾತ್ರ ಕೀಳಬೇಕು.