ಬುಡದಲ್ಲಿದ್ದವರು



ಇಂದಿನ ಚಿಂತನೆ: *ಅನಿಚ್ಚ*

ಇಟಲಿಯ ಕಲಾವಿದ ಪಿರನೇಸಿ (1720-1778) ರೋಮ್ ನಗರದ ಪಾಳು ಕಟ್ಟಡಗಳನ್ನು ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಅಚ್ಚು ಹಾಕಿದವನು. ತಾಮ್ರದ ತಗಡಿಗೆ ಮೇಣ ಬಳಿದು, ಸೂಜಿಯಿಂದ ಗೀಚಿ, ಆಸಿಡ್ ಹಾಕುವುದು. ಗೀಚಿದ ಗೆರೆಯನ್ನಷ್ಟೇ ಆಸಿಡ್ ತಿನ್ನುತ್ತದೆ. ಅಲ್ಲಿ ಮಸಿ ತುಂಬಿ ಕಾಗದಕ್ಕೆ ಒತ್ತಿದರೆ ಚಿತ್ರ ಮೂಡುತ್ತದೆ.

ಅವನ ಒಂದು ಚಿತ್ರದಲ್ಲಿ ಸಾಮ್ರಾಟ ಸೆಪ್ಟಿಮಿಯಸ್ ಸೆವೆರಸ್‌ನ ವಿಜಯದ ಕಮಾನು ಇದೆ. ಪಾರ್ಥಿಯನ್ನರನ್ನು ಗೆದ್ದ ನೆನಪಿಗೆ ಕ್ರಿ.ಶ. 203ರಲ್ಲಿ ಕಟ್ಟಿದ್ದು. ಚಿತ್ರದ ಹೊತ್ತಿಗೆ ಅದರ ಬುಡವೆಲ್ಲ ಮಣ್ಣಲ್ಲಿ ಹೂತಿತ್ತು. ಕಲ್ಲಿನ ಬಿರುಕಲ್ಲಿ ಗಿಡಗಂಟಿ. ಸಾಮ್ರಾಟರು ಮೆರೆದ ಆ ಬಯಲಿಗೆ ಜನ ಇಟ್ಟ ಹೆಸರು 'ದನದ ಬಯಲು'.

ಯುರೋಪಿನ ಸಿರಿವಂತರು ಇಂಥ ಚಿತ್ರಗಳನ್ನು ಕೊಂಡು, ಎಂಥ ವೈಭವ ಮಣ್ಣುಪಾಲಾಯಿತು ಎಂದು ನಿಟ್ಟುಸಿರಿಟ್ಟರು. ಆದರೆ ಚಿತ್ರದಲ್ಲಿ ಕಾಣದ್ದು ಒಂದಿದೆ. ಕಮಾನಿನ ಕಂಬಗಳ ಬುಡದಲ್ಲಿ ಕೆತ್ತಿರುವುದು ಸೆರೆಯಾಳುಗಳನ್ನು. ಸೋತವರನ್ನು ಸೈನಿಕರು ಎಳೆದೊಯ್ಯುತ್ತಿದ್ದಾರೆ. 19ನೇ ಶತಮಾನದ ಆರಂಭದಲ್ಲಿ ಮಣ್ಣು ತೆಗೆದ ಮೇಲೆ ಅವರ ಮುಖಗಳು ಹೊರಬಂದವು.

ಆ ಸೆರೆಯಾಳಿನ ಮಕ್ಕಳು ಈ ಪಾಳು ಕಮಾನನ್ನು ಕಂಡಿದ್ದರೆ ನಿಟ್ಟುಸಿರಿಡುತ್ತಿದ್ದರೇ? *ಮೆರೆದವನಿಗೆ ಅನಿಚ್ಚ ದುಃಖ. ತುಳಿಸಿಕೊಂಡವನಿಗೆ ಅದೇ ಭರವಸೆ.*

"ಜಾತಿ ಎಲ್ಲಿ ಹೋಗುತ್ತೆ ಬಿಡಪ್ಪ" ಎಂದು ನಮ್ಮವರೇ ಸೋತು ಹೇಳುವುದನ್ನು ಕೇಳಿದ್ದೇವೆ. ಹಾಗೆ ಹೇಳುವಾಗ ನಾವು ಮನುಷ್ಯರು ಕಟ್ಟಿದ್ದನ್ನು ನಿತ್ಯ ಎಂದು ಒಪ್ಪಿಕೊಂಡಂತಾಯಿತು. ಎಲ್ಲವೂ ಬದಲಾಗುವುದರಿಂದಲೇ ಬೆಳವಣಿಗೆ ಸಾಧ್ಯ ಎಂದು ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಿಡಿಸಿ ಹೇಳಿದ್ದಾರೆ.

ಹಾಗೆಂದು ಕೈಕಟ್ಟಿ ಕೂತರೆ ಬಿದ್ದೀತೇ? ರೋಮ್ ತಾನಾಗಿ ಪಾಳಾಗಲಿಲ್ಲ. ಭೂಕಂಪ ಅಲುಗಿಸಿತು, ಬೇರು ಸೀಳಿತು, ಜನ ಕಲ್ಲು ಕಿತ್ತು ಮನೆ ಕಟ್ಟಿಕೊಂಡರು, ಅಮೃತಶಿಲೆಯನ್ನು ಸುಟ್ಟು ಸುಣ್ಣ ಮಾಡಿದರು. ಕಾರಣವಿಲ್ಲದೆ ಯಾವುದೂ ಹುಟ್ಟದು, ಕಾರಣವಿಲ್ಲದೆ ಯಾವುದೂ ಅಳಿಯದು. ಆ ಕಾರಣ ನಾವಾಗಬೇಕು. ಅನಿಚ್ಚವನ್ನು ನೆನಪಿಸಿದ ಉಸಿರಿನಲ್ಲೇ ಬುದ್ಧರು ಕೊನೆಯದಾಗಿ ಹೇಳಿದ್ದು ಎಚ್ಚರ ತಪ್ಪದ ಪ್ರಯತ್ನವನ್ನು.

ಈ ಮಾತು ನಮ್ಮ ವಿಹಾರಕ್ಕೂ ಸಲ್ಲುತ್ತದೆ. ಓದು, ಶೀಲ, ಮೈತ್ರಿ ನಿಂತರೆ ನಮ್ಮ ಗೋಡೆಯ ಬಿರುಕಿನಲ್ಲೂ ಗಿಡ ಹುಟ್ಟುತ್ತದೆ.

*ಇಂದಿನ ಅಭ್ಯಾಸ:* ಐದು ನಿಮಿಷ ಸುಮ್ಮನೆ ಕುಳಿತು ಕೇಳಿಕೊಳ್ಳೋಣ. ಬದಲಾಗದು ಎಂದು ನಾನು ಕೈಬಿಟ್ಟದ್ದು ಯಾವುದು? ಅದರ ಒಂದು ಕಲ್ಲನ್ನು ಇಂದು ಅಲುಗಿಸಬಲ್ಲೆನೇ?

ಭವತು ಸಬ್ಬ ಮಂಗಲಂ. ಜೈ ಭೀಮ್.