ಕಸಕ್ಕೆ ಹೋಗುತ್ತಿದ್ದ ಅದಿರು

ಸತ್ಯವೇದ ತೆಗೀರಿ, 1 ಸಮುವೇಲ 16. ಓದೋಕೆ ಮೊದಲು ಈ ಕಲ್ಲು ನೋಡಿ. ನ್ಯೂಜೆರ್ಸಿಯಲ್ಲಿರೋ ನಮ್ಮ ದೊಡ್ಡಪ್ಪನ ಮಗ ಇಂಥವನ್ನು ಕೂಡಿಸಿಡ್ತಾರೆ. ರಜೆಗೆ ಬಂದಾಗ ತಂದ್ರು. ಅಲ್ಲಿನ ಫ್ರಾಂಕ್ಲಿನ್ ಊರಿನ ಸತುವಿನ ಗಣಿಯದು. ಆ ಗಣಿ 1954ರಲ್ಲೇ ಮುಚ್ಚಿತು.

ನೋಡೋಕೆ ಏನೂ ಇಲ್ಲ, ಜಲ್ಲಿಕಲ್ಲಿನ ಹಾಗಿದೆ. ಅಂಗಡಿಯಲ್ಲಿ ನೋಟು ಪರೀಕ್ಷಿಸೋ ನೇರಳೆ ಟಾರ್ಚ್ ಹಿಡಿದೆ. ಅಂಥದ್ದೇನೂ ಕಾಣಲಿಲ್ಲ. ಅಣ್ಣ ನಕ್ಕು, "ಇದಕ್ಕೆ ಬೇರೆ ಬೆಳಕು ಬೇಕು ಕಣೋ" ಅಂತ 254 ನ್ಯಾನೋಮೀಟರಿನ ಶಾರ್ಟ್‌ವೇವ್ ಅಲ್ಟ್ರಾವಯಲೆಟ್ ದೀಪ ತೆಗೆದ್ರು. ಕಣ್ಣಿಗೆ ಕೆಟ್ಟದ್ದು, ಕನ್ನಡಕ ಹಾಕ್ಕೊಂಡೇ ನೋಡಬೇಕು. ಲೈಟ್ ಆರಿಸಿದ್ವಿ. ಸ್ತೋತ್ರ! ವಿಲ್ಲೆಮೈಟ್ ಎಂಬ ಖನಿಜ ಹಸಿರಾಗಿ, ಕ್ಯಾಲ್ಸೈಟ್ ಕೆಂಡದ ಹಾಗೆ ಕೆಂಪಾಗಿ ಹೊಳೆದವು.

ನನ್ನನ್ನು ಚುಚ್ಚಿದ್ದು ಆಮೇಲಿನ ಮಾತು. ವಿಲ್ಲೆಮೈಟ್ ಸತುವಿನ ಅದಿರು. ಗಣಿಯವರು ಅದಿರು ಬೇರ್ಪಡಿಸಿ, ಎಸೆಯೋ ಪುಡಿಯ ಮೇಲೆ ಅಲ್ಟ್ರಾವಯಲೆಟ್ ಬೆಳಕು ಬಿಟ್ಟು ನೋಡ್ತಿದ್ರಂತೆ. ಹಸಿರು ಕಂಡ್ರೆ, ಅದಿರು ಕಸಕ್ಕೆ ಹೋಗ್ತಿದೆ ಅಂತ.

ಆ ರಾತ್ರಿ ನಿದ್ದೆ ಬರಲಿಲ್ಲ. ಹೋದ ವರ್ಷ ನಮ್ಮ ಆರಾಧನಾ ತಂಡದಲ್ಲಿ ಒಬ್ಬ ತಮ್ಮ ಇದ್ದ. ಅವನನ್ನ ಕೇಳಿಯೇ ಇದನ್ನ ಹೇಳ್ತಿದ್ದೀನಿ. ಪ್ರಾಕ್ಟೀಸಿಗೆ ದಿನಾ ತಡ. ಪ್ರಾರ್ಥನೆಯಲ್ಲಿ ಬಾಯೇ ಬಿಡ್ತಿರಲಿಲ್ಲ. "ಇವನಲ್ಲಿ ಬೆಂಕಿ ಇಲ್ಲ" ಅಂತ ಲೀಡರ್ಸ್ ಮೀಟಿಂಗಲ್ಲಿ ಹೇಳಿ ತೆಗೆಸಿದವನು ನಾನೇ. ತಿಂಗಳುಗಳಾದ ಮೇಲೆ ಅವನ ಪಕ್ಕದ ಮನೆಯ ಆಂಟಿ ಸಿಕ್ಕಿ, "ನಿಮ್ಮ ಸಭೆಯ ಹುಡುಗ ಅಲ್ವಾ? ರಾತ್ರಿ ಡೆಲಿವರಿ ಮುಗಿಸಿ ಬಂದು, ಹಾಸಿಗೆ ಹಿಡಿದಿರೋ ತಾಯಿಗೆ ಉಣ್ಣಿಸಿ, ಪಕ್ಕದಲ್ಲೇ ಮೊಣಕಾಲೂರಿ ಅಳ್ತಾ ಪ್ರಾರ್ಥಿಸ್ತಾನೆ" ಅಂದ್ರು. ಅಯ್ಯೋ ಪಾಪ ಅಂದುಕೊಂಡೆ, ಸುಮ್ಮನಾದೆ. ಹಸಿರು ಕಂಡಿತ್ತು, ಆದರೂ ಸುಮ್ಮನಾದೆ!

ಈಗ ಅಧ್ಯಾಯಕ್ಕೆ ಬನ್ನಿ. ಸಮುವೇಲನಂಥ ಪ್ರವಾದಿಯೇ ಎಲೀಯಾಬನ ಎತ್ತರ ನೋಡಿ ಇವನೇ ಅಂದುಕೊಂಡ. ಅವನ ಕೈಯಲ್ಲೂ ಆಗ ಇದ್ದದ್ದು ನನ್ನ ನೋಟಿನ ಟಾರ್ಚೇ. ಇಷಯನ ಏಳು ಮಕ್ಕಳು ಮುಂದೆ ಹಾದುಹೋದ್ರು. ಎಂಟನೆಯವನನ್ನ ಹೆತ್ತ ಅಪ್ಪನೇ ಕರೆಸಿರಲಿಲ್ಲ, ಅವನು ಕುರಿ ಕಾಯ್ತಿದ್ದ. ಆದರೆ ಸಮುವೇಲ, ಇನ್ನೊಬ್ಬ ಇದ್ದಾನಾ ಅಂತ ಕೇಳಿದ. ನಾನು ಕೇಳಲಿಲ್ಲ.

ಶುಕ್ರವಾರ ಅವನ ಮನೆಗೆ ಹೋಗಿ ಕ್ಷಮೆ ಕೇಳಿದೆ. "ಪರವಾಗಿಲ್ಲ ಅಣ್ಣ" ಅಂದ, ಮುಖ ನೋಡಲಿಲ್ಲ. ಇವತ್ತೂ ಬಂದಿಲ್ಲ. ಕೀಬೋರ್ಡ್ ಹತ್ತಿರದ ಸ್ಟೂಲ್ ಖಾಲಿ ಇದೆ, ನೋಡಿ.

ದಾವೀದ ಬರೋ ತನಕ ಕೂರಲ್ಲ ಅಂದನಲ್ಲ ಸಮುವೇಲ, ಹನ್ನೊಂದನೇ ವಚನದಲ್ಲಿ? ಎಲ್ಲರೂ ಎದ್ದು ನಿಲ್ಲಿ. ಪ್ರಾರ್ಥಿಸೋಣ.